ಪ್ರಿಂಟ್ ಆದ ಫಿಲ್ಮ್ ಪದರ ಬಿಡದಂತೆ ಮಾಡುವುದು ಹೇಗೆ: ಟ್ರೀಟ್‌ಮೆಂಟ್‌ನಿಂದ ಹಾಟ್ ರೂಮ್‌ವರೆಗೆ

ಒಂದು ಮಸಾಲೆ ಪುಡಿ ಪ್ಯಾಕೆಟ್ ಕೈಗೆ ತಗೊಳ್ಳಿ. ಮೂಲೆ ಹರಿದು, ಹೊರಗಿನ ಪದರವನ್ನೂ ಒಳಗಿನ ಪದರವನ್ನೂ ಉಗುರಿನಿಂದ ಬಿಡಿಸಲು ನೋಡಿ. ಚೆನ್ನಾಗಿ ಮಾಡಿದ ಪ್ಯಾಕೆಟ್ ಆದರೆ ಪದರ ಬಿಡುವುದಿಲ್ಲ, ಫಿಲ್ಮೇ ಹರಿದುಹೋಗುತ್ತದೆ. ಸರಿಯಾಗಿ ಮಾಡದಿದ್ದರೆ ಬಾಳೆ ಸಿಪ್ಪೆ ಸುಲಿದ ಹಾಗೆ ಬರುತ್ತದೆ. ಜೊತೆಗೆ ಇಂಕ್ ಕೂಡ ಎದ್ದು ಬರುತ್ತದೆ.

ಹಾಗೆ ಎದ್ದು ಬಂದಾಗ ಎಲ್ಲರೂ ಮೊದಲು ಬೈಯುವುದು ಗಮ್ಮನ್ನು. ನಾನೂ ಮೊದಲು ಹಾಗೇ ಮಾಡುತ್ತಿದ್ದೆ. ಗ್ರಾವ್ಯೂರ್ ಪ್ರಿಂಟಿಂಗ್ ಮಷಿನ್ ಮತ್ತು ಫಿಲ್ಮ್‌ಗಳನ್ನು ಗಮ್ ಹಾಕಿ ಅಂಟಿಸುವ ಲ್ಯಾಮಿನೇಟರ್ ಪಕ್ಕದಲ್ಲಿ ವರ್ಷಗಟ್ಟಲೆ ನಿಂತ ಮೇಲೆ ಒಂದು ವಿಷಯ ಗಟ್ಟಿಯಾಯಿತು. ತಪ್ಪು ಎಲ್ಲಿ ಆಗಿದೆ ಎಂದು ಸುಲಿದ ಫಿಲ್ಮೇ ಹೇಳುತ್ತದೆ. ಇಂಕ್ ಯಾವ ಕಡೆಗೆ ಹೋಯಿತು ಅಂತ ನೋಡುವ ಅಭ್ಯಾಸ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಅದಕ್ಕೇ ಈ ಮಾರ್ಗದರ್ಶಿಯನ್ನು ಸುಲಿಯುವುದರಿಂದ ಶುರು ಮಾಡುತ್ತೇನೆ.

ಉದಾಹರಣೆಗೆ ನಮ್ಮಲ್ಲಿ ತೀರಾ ಸಾಮಾನ್ಯವಾದ ಜಾಬ್ ಒಂದನ್ನು ಇಟ್ಟುಕೊಳ್ಳೋಣ. 12 ಮೈಕ್ರಾನ್ ಪಾಲಿಯೆಸ್ಟರ್ ಮೇಲೆ ರಿವರ್ಸ್ ಪ್ರಿಂಟ್ (ಫಿಲ್ಮಿನ ಒಳಬದಿಗೆ ಉಲ್ಟಾ ಪ್ರಿಂಟ್), ಅದಕ್ಕೆ ಎರಡು ಪಾರ್ಟಿನ (ರೆಸಿನ್ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್) ಪಾಲಿಯುರೆಥೇನ್ ಗಮ್, ಒಳಗೆ 50 ಮೈಕ್ರಾನ್ ಪಾಲಿ, ಅಂದರೆ ಪಾಲಿಥೀನ್. ಇಂಕ್ ಎರಡು ಫಿಲ್ಮ್‌ಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಅಂದರೆ ಪಾಲಿಯೆಸ್ಟರ್‌ಗೂ ಗಮ್ಮಿಗೂ ನಡುವಿನ ಕೊಂಡಿ ಇಂಕೇ. ಅದು ಸಡಿಲವಾದರೆ ಎಂಥ ದುಬಾರಿ ಗಮ್ ಹಾಕಿದರೂ ಪ್ರಯೋಜನ ಇಲ್ಲ.

ಮೊದಲು ಸುಲಿದು ನೋಡಿ

ಕ್ಯೂರ್ ಆದ, ಅಂದರೆ ಗಮ್ ಪೂರ್ತಿ ಗಟ್ಟಿಯಾದ ರೋಲ್‌ನಿಂದ 15 ಮಿಲಿಮೀಟರ್ ಅಗಲದ ಪಟ್ಟಿಗಳನ್ನು ಕತ್ತರಿಸಿ. ಕೆಲವು ಪಟ್ಟಿ ಇಂಕ್ ಇರುವ ಜಾಗದಿಂದ, ಕೆಲವು ಇಂಕ್ ಇಲ್ಲದ ಪಾರದರ್ಶಕ ಜಾಗದಿಂದ ಇರಲಿ. ಪಟ್ಟಿಯ ತುದಿಯನ್ನು ಈಥೈಲ್ ಅಸಿಟೇಟ್‌ನಲ್ಲಿ ಸ್ವಲ್ಪ ಹೊತ್ತು ಅದ್ದಿದರೆ ಪದರ ಬಿಡಿಸಲು ಸುಲಭ. ಬಿಡಿಸಿದ ಎರಡು ತುದಿಗಳನ್ನು ಬಾಂಡ್ (ಪದರಗಳು ಅಂಟಿರುವ ಬಲ) ಅಳೆಯುವ ಟೆಸ್ಟರ್‌ನಲ್ಲಿ ಸಿಕ್ಕಿಸಿ ಎಳೆಯಿರಿ. ಪುಡಿ ಪ್ಯಾಕೆಟ್‌ಗೆ 15 ಮಿಲಿಮೀಟರ್‌ಗೆ 200 ಗ್ರಾಂ ಮೇಲೆ ಬಂದರೆ ನನಗೆ ಸಮಾಧಾನ. ಪೌಚನ್ನು ಕುದಿಸುವ, ರಿಟಾರ್ಟ್ ಮಾಡುವ (ಒತ್ತಡದ ಹಬೆಯಲ್ಲಿ ಬೇಯಿಸುವ) ಕೆಲಸಕ್ಕೆ ಇದು ಸಾಲದು, ಅದರ ಎರಡು ಪಟ್ಟಾದರೂ ಬೇಕು.

ಈಗ ಅಂಕಿಗಿಂತ ಮುಖ್ಯವಾದ ಕೆಲಸ. ಇಂಕ್ ಇಲ್ಲದ ಜಾಗದಲ್ಲಿ ಬಾಂಡ್ ಗಟ್ಟಿಯಾಗಿದ್ದು ಇಂಕ್ ಇರುವ ಕಡೆ ಮಾತ್ರ ಬಿಡುತ್ತಿದೆಯಾ? ಹಾಗಾದರೆ ಗಮ್ಮನ್ನು ಬಿಡಿ, ಪ್ರಿಂಟಿಂಗ್ ಕಡೆ ಹೋಗಿ. ಎರಡೂ ಕಡೆ ಬಿಡುತ್ತಿದ್ದರೆ ಫಿಲ್ಮ್ ಅಥವಾ ಗಮ್ ನೋಡಬೇಕು. ಒಂದೇ ಬಣ್ಣದ ಮೇಲೆ ಬಿಡುತ್ತಿದ್ದರೆ ಆ ಸ್ಟೇಷನ್‌ನ ಇಂಕ್ ಮತ್ತು ಡ್ರೈಯರ್ ನೋಡಿ. ಇಷ್ಟು ಸರಳ ವಿಂಗಡಣೆಯಿಂದಲೇ ಎಷ್ಟೋ ಗಂಟೆಗಳ ಜಗಳ ಉಳಿಯುತ್ತದೆ.

ಇಂಕ್ ಪೂರ್ತಿಯಾಗಿ ಪಾಲಿಯೆಸ್ಟರ್ ಬಿಟ್ಟು ಪಾಲಿ ಕಡೆ ಹೋಗಿದ್ದರೆ, ಇಂಕ್ ಫಿಲ್ಮನ್ನು ಹಿಡಿದೇ ಇಲ್ಲ ಎಂದರ್ಥ. ಟ್ರೀಟ್‌ಮೆಂಟ್ (ಇಂಕ್ ಹಿಡಿಯಲು ಮೇಲ್ಮೈಯನ್ನು ಸಿದ್ಧ ಮಾಡುವುದು) ಕಡಿಮೆ, ತಪ್ಪು ಬದಿಗೆ ಪ್ರಿಂಟ್, ಅಥವಾ ತಪ್ಪು ಇಂಕ್. ಇಂಕ್ ಎರಡೂ ಕಡೆ ಅರ್ಧರ್ಧ ಉಳಿದಿದ್ದರೆ ಇಂಕೇ ಒಳಗಿನಿಂದ ಸೀಳಿದೆ. ಅದರಲ್ಲಿ ಬಣ್ಣವನ್ನು ಹಿಡಿದಿಡುವ ಬೈಂಡರ್ ಸಾಲದು, ಇಲ್ಲವೇ ಸಾಲ್ವೆಂಟ್ ಒಳಗೇ ಉಳಿದಿದೆ. ಇಂಕ್ ಮತ್ತು ಗಮ್ ಎರಡೂ ಪಾಲಿಯೆಸ್ಟರ್ ಮೇಲೇ ಇದ್ದು ಪಾಲಿ ಸ್ವಚ್ಛವಾಗಿ ಬಂದರೆ ತಪ್ಪು ಪಾಲಿಯ ಕಡೆ. ಎರಡೂ ಕಡೆ ಗಮ್ ಇದ್ದು ಬೆರಳಿಗೆ ಅಂಟುತ್ತಿದ್ದರೆ ಕ್ಯೂರ್ ಆಗಿಲ್ಲ. ಈ ನಾಲ್ಕು ಚಿತ್ರ ತಲೆಯಲ್ಲಿಟ್ಟುಕೊಂಡು ಮುಂದಿನ ಹಂತಗಳನ್ನು ಓದಿ.

ಹಂತ 1: ಫಿಲ್ಮ್ ಬಂದ ದಿನವೇ ಡೈನ್ ನೋಡಿ

ಪ್ಲಾಸ್ಟಿಕ್ ಮೇಲ್ಮೈ ಇಂಕನ್ನು ಸುಲಭವಾಗಿ ಒಪ್ಪುವುದಿಲ್ಲ. ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ನಿಲ್ಲುತ್ತದಲ್ವಾ, ಅದೇ ಕಥೆ. ಟ್ರೀಟ್ ಮಾಡದ ಪಾಲಿಯ ಮೇಲ್ಮೈ ಶಕ್ತಿ (ಅದರ ಅಳತೆಯೇ ಡೈನ್) ಸುಮಾರು 31 ಡೈನ್, ಪಾಲಿಪ್ರೊಪಿಲೀನ್‌ದು 29–30. ಅದಕ್ಕೆ ಕರೋನಾ ಟ್ರೀಟ್‌ಮೆಂಟ್ ಕೊಡುತ್ತೇವೆ. ಹೈ ವೋಲ್ಟೇಜ್ ಕಿಡಿಗಳು ಮೇಲ್ಮೈಗೆ ಆಕ್ಸಿಜನ್ ಸೇರಿಸುತ್ತವೆ, ಆಗ ಇಂಕ್ ಹರಡಿ ಹಿಡಿಯುತ್ತದೆ.

ಬಿಒಪಿಪಿ (ಎರಡೂ ದಿಕ್ಕಿಗೆ ಎಳೆದ ಪಾಲಿಪ್ರೊಪಿಲೀನ್ ಫಿಲ್ಮ್) ಮತ್ತು ಪಾಲಿಗೆ ಕನಿಷ್ಠ 38 ಬೇಕು, 40 ಇದ್ದರೆ ಒಳ್ಳೆಯದು. ಟ್ರೀಟ್ ಆದ ಪಾಲಿಯೆಸ್ಟರ್ 50ರ ಮೇಲೆ ಇರಬೇಕು. ಬೇಕಾದ ಅಂಕಿಯ ಡೈನ್ ಪೆನ್‌ನಿಂದ ಗೆರೆ ಎಳೆದು ಎರಡು ಸೆಕೆಂಡ್ ನೋಡಿ. ಗೆರೆ ಹಾಗೇ ನಿಂತರೆ ಆ ಅಂಕಿ ಪಾಸ್. ಹನಿಗಳಾಗಿ ಒಡೆದರೆ ಫೇಲ್. ಫಿಲ್ಮಿನ ಎಡ, ನಡು, ಬಲ ಮೂರೂ ಕಡೆ ಎಳೆಯಿರಿ. ಒಂದೇ ಕಡೆ ನೋಡಿ ಪಾಸ್ ಮಾಡಿದರೆ ಎಲೆಕ್ಟ್ರೋಡ್‌ನ ಒಂದು ತುದಿ ಕೆಟ್ಟಿದ್ದು ಗೊತ್ತಾಗುವುದೇ ಇಲ್ಲ. ಹಿಂಬದಿಯನ್ನೂ ನೋಡಿ. ಟ್ರೀಟ್‌ಮೆಂಟ್ ಹಿಂದಕ್ಕೂ ದಾಟಿದ್ದರೆ ರೋಲ್‌ನೊಳಗೆ ಪದರಗಳು ಅಂಟಿಕೊಳ್ಳುತ್ತವೆ, ಇಂಕ್ ಹಿಂಬದಿಗೆ ಮೆತ್ತಿಕೊಳ್ಳುತ್ತದೆ. ಅವಧಿ ಮುಗಿದ ಪೆನ್ನನ್ನು ಸುಮ್ನೆ ಎಸೆದುಬಿಡಿ, ಅದು ಸುಳ್ಳು ಹೇಳುತ್ತದೆ.

ಟ್ರೀಟ್‌ಮೆಂಟ್ ಶಾಶ್ವತ ಅಲ್ಲ. ದಿನ ಕಳೆದಂತೆ ಇಳಿಯುತ್ತದೆ. ಫಿಲ್ಮ್ ಜಾರಲಿ ಅಂತ ಪಾಲಿಯಲ್ಲಿ ಹಾಕಿರುವ ಸ್ಲಿಪ್ ಮೇಲಕ್ಕೆ ಬಂದು ಮೇಲ್ಮೈಯನ್ನು ಮುಚ್ಚುತ್ತದೆ. ಶೀಟ್ ಮನೆಯ ಬಿಸಿ ಗೋಡೌನ್‌ನಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಮೊದಲು ಬಂದ ರೋಲ್ ಮೊದಲು ಖರ್ಚಾಗಲಿ. ಬಳಸುವ ದಿನ ಮತ್ತೆ ಡೈನ್ ನೋಡಿ.

ಲ್ಯಾಮಿನೇಟರ್‌ನಲ್ಲಿ ಕರೋನಾ ಇದ್ದರೆ ಲೆಕ್ಕ ಸುಲಭ. ಪವರ್ ಅನ್ನು ಅಗಲ ಮತ್ತು ವೇಗದಿಂದ ಭಾಗಿಸಿ. 1 ಮೀಟರ್ ಅಗಲದ ಫಿಲ್ಮ್ ನಿಮಿಷಕ್ಕೆ 150 ಮೀಟರ್ ಓಡುತ್ತಿದೆ, ಪ್ರತಿ ಚದರ ಮೀಟರಿಗೆ 12 ವ್ಯಾಟ್-ನಿಮಿಷ ಬೇಕು ಅಂದರೆ 1.8 ಕಿಲೋವ್ಯಾಟ್. ವೇಗವನ್ನು 200ಕ್ಕೆ ಏರಿಸಿದರೆ ಅದೇ ಪರಿಣಾಮಕ್ಕೆ 2.4 ಕಿಲೋವ್ಯಾಟ್ ಬೇಕು. ಮಷಿನ್ ವೇಗ ಹೆಚ್ಚಿಸಿ ಪವರ್ ಮುಟ್ಟದೇ ಬಿಡುವುದು ನಾನು ಹೆಚ್ಚಾಗಿ ಕಂಡಿರುವ ತಪ್ಪು. ಹಾಗಂತ ಜಾಸ್ತಿ ಕೊಡುವುದೂ ಬೇಡ. ಅತಿಯಾದರೆ ಮೇಲ್ಮೈಯ ಪದರವೇ ಸುಟ್ಟು ಪುಡಿಯಂತಾಗಿ, ಇಂಕ್ ಆ ಪುಡಿಯ ಜೊತೆ ಎದ್ದು ಬರುತ್ತದೆ. ಡೈನ್ ಪೆನ್ ಮಾತ್ರ ಒಳ್ಳೆಯ ಅಂಕಿ ತೋರಿಸುತ್ತಿರುತ್ತದೆ!

ಹಂತ 2: ಇಂಕ್ ಯಾವುದು, ಯಾವ ಕೆಲಸಕ್ಕೆ

ಮೇಲ್ಮೈ ಪ್ರಿಂಟಿಗೆ ಬಳಸುವ ಪಾಲಿಅಮೈಡ್ ಇಂಕ್ ಬೇರೆ, ಲ್ಯಾಮಿನೇಷನ್ ಇಂಕ್ ಬೇರೆ. ಸ್ಟೋರ್‌ನಲ್ಲಿ ಡಬ್ಬ ಅದಲುಬದಲಾದರೆ ಪ್ರಿಂಟ್ ಚೆನ್ನಾಗಿ ಕಾಣುತ್ತದೆ, ಟೇಪ್ ಟೆಸ್ಟ್ ಕೂಡ ಪಾಸ್ ಆಗಬಹುದು. ಲ್ಯಾಮಿನೇಟ್ ಆದ ಮೇಲೆ ಬಾಂಡ್ ಬರುವುದಿಲ್ಲ. ಪಾಲಿಯೆಸ್ಟರ್‌ಗೆ ಪಾಲಿಯುರೆಥೇನ್ ಬೈಂಡರ್ ಇರುವ ಇಂಕ್ ನಂಬಿಕಸ್ಥ. ಕುದಿಯುವ ನೀರು, ಎಣ್ಣೆ, ಉಪ್ಪಿನಕಾಯಿ ಇರುವ ಜಾಬ್ ಆದರೆ ಇಂಕ್‌ಗೂ ಹಾರ್ಡನರ್ ಸೇರಿಸುವ ಎರಡು ಪಾರ್ಟಿನ ಇಂಕ್ ತಗೊಳ್ಳಿ. ಹಾರ್ಡನರ್ ಹಾಕಿದ ಇಂಕನ್ನು ನಾಳೆಗೆ ಉಳಿಸಬೇಡಿ.

ಆಹಾರದ ಪ್ಯಾಕೆಟ್ ಮಾಡುವವರು ಇನ್ನೊಂದು ವಿಷಯ ತಿಳಿದಿರಬೇಕು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ನಿಯಮಗಳು ಪ್ರಿಂಟಿಂಗ್ ಇಂಕ್‌ಗೆ ಐಎಸ್ 15495 ಮಾನದಂಡವನ್ನು ಹೇಳುತ್ತವೆ. ಆ ಮಾನದಂಡವನ್ನು 2020ರಲ್ಲಿ ತಿದ್ದಿದಾಗ ಟಾಲುಯೀನ್ ಹೊರಗೆ ಹೋಯಿತು. ಟಾಲುಯೀನ್ 111 ಡಿಗ್ರಿಯಲ್ಲಿ ಕುದಿಯುವ ನಿಧಾನದ ಸಾಲ್ವೆಂಟ್. ಈಥೈಲ್ ಅಸಿಟೇಟ್ 77ರಲ್ಲೇ ಕುದಿಯುತ್ತದೆ. ಹಳೇ ಅಳತೆಯಲ್ಲೇ ಹೊಸ ಸಾಲ್ವೆಂಟ್ ಓಡಿಸಿದರೆ ಇಂಕ್ ಸಿಲಿಂಡರ್‌ನ ಸೆಲ್‌ಗಳಲ್ಲೇ ಒಣಗಲು ಶುರುವಾಗುತ್ತದೆ. ಆಗ 102ರಲ್ಲಿ ಕುದಿಯುವ ನಾರ್ಮಲ್ ಪ್ರೊಪೈಲ್ ಅಸಿಟೇಟ್ ಅನ್ನು ಸ್ವಲ್ಪ ಬೆರೆಸಿ ವೇಗ ಹೊಂದಿಸಬೇಕು.

ಇಂಕ್ ಎಷ್ಟು ಗಟ್ಟಿ ಎಂದು ನೋಡುವ, ತಳದಲ್ಲಿ ತೂತಿರುವ ಬಿ4 ಕಪ್ ಖಾಲಿಯಾಗಲು 15ರಿಂದ 18 ಸೆಕೆಂಡ್ ಸಾಮಾನ್ಯ ಅಳತೆ. ಅರ್ಧ ಗಂಟೆಗೊಮ್ಮೆ ನೋಡಿ. ಇಂಕ್ ತೆಳುವಾಗಲಿ ಅಂತ ಬರೀ ಸಾಲ್ವೆಂಟ್ ಸುರಿಯುತ್ತಾ ಹೋದರೆ ಬಣ್ಣದ ಕಣಗಳನ್ನು ಹಿಡಿಯುವ ಬೈಂಡರ್ ಕಡಿಮೆಯಾಗುತ್ತದೆ. ಬಣ್ಣ ಇಳಿಸಬೇಕಿದ್ದರೆ ಮೀಡಿಯಂ (ಬಣ್ಣವಿಲ್ಲದ, ಬೈಂಡರ್ ಇರುವ ಇಂಕ್) ಹಾಕಿ. ಸೀಳುವ ಇಂಕ್‌ನ ಬಹುಪಾಲು ಕಥೆ ಇಲ್ಲೇ ಇದೆ, ಅದರಲ್ಲೂ ಬಿಳಿ ಇಂಕ್‌ನಲ್ಲಿ. ರಿವರ್ಸ್ ಪ್ರಿಂಟ್‌ನಲ್ಲಿ ಬಿಳಿ ಕೊನೆಗೆ ಬೀಳುತ್ತದೆ, ದಪ್ಪ ಬೀಳುತ್ತದೆ, ಗಮ್ಮಿಗೆ ಮುಖ ಕೊಟ್ಟಿರುವುದೂ ಅದೇ. ಹೀಗಾಗಿ ಬಿಳಿಯ ಮೇಲೆ ನನಗೆ ಉಳಿದ ಎಲ್ಲ ಬಣ್ಣಗಳಿಗಿಂತ ಜಾಸ್ತಿ ಕಣ್ಣು.

ಹಂತ 3: ಒಣಗಿಸುವುದು, ಇಲ್ಲೇ ನಿಧಾನಿಸಿ

ಸಾಲ್ವೆಂಟ್ ಇಂಕ್‌ಗೆ ಕ್ಯೂರಿಂಗ್ ಅಂದರೆ ಮುಖ್ಯವಾಗಿ ಒಣಗುವುದು. ಒಣಗಿದಂತೆ ಕಾಣುವುದು ಬೇರೆ, ಒಣಗುವುದು ಬೇರೆ. ಬಿಸಿ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ, ಡ್ರೈಯರ್‌ನಲ್ಲಿ ಶಾಖ ಒಮ್ಮೆಲೇ ಜಾಸ್ತಿಯಾದರೆ ಇಂಕ್‌ನ ಮೇಲ್ಪದರ ಬೇಗ ಗಟ್ಟಿಯಾಗುತ್ತದೆ. ಕೆಳಗಿನ ಸಾಲ್ವೆಂಟ್‌ಗೆ ದಾರಿ ಮುಚ್ಚಿತು. ಮುಟ್ಟಿ ನೋಡಿದರೆ ಒಣಗಿದೆ, ಒಳಗೆ ಹಸಿ.

ಅದಕ್ಕೆ ಮೊದಲು ಗಾಳಿ ನೋಡಿ, ಆಮೇಲೆ ಶಾಖ. ನಾಝಲ್‌ಗಳಲ್ಲಿ ಧೂಳು, ಇಂಕ್ ಕಟ್ಟಿಕೊಂಡಿದೆಯಾ? ಎಕ್ಸಾಸ್ಟ್ ಎಳೆಯುತ್ತಿದೆಯಾ? ಹುಡ್‌ನ ಅಂಚಿಗೆ ಒಂದು ನೂಲಿನ ಎಳೆ ಹಿಡಿದರೆ ಅದು ಒಳಕ್ಕೆ ಸೆಳೆಯಬೇಕು, ಹೊರಕ್ಕೆ ಹಾರಬಾರದು. ಹೊರಗೆ ಹೋಗಬೇಕಾದ ಸಾಲ್ವೆಂಟ್ ಆವಿ ಅದೇ ಗಾಳಿಯಲ್ಲಿ ಸುತ್ತುತ್ತಿದ್ದರೆ 80 ಡಿಗ್ರಿ ಇಟ್ಟರೂ ಒಣಗುವುದಿಲ್ಲ. ಅಪಾಯವೂ ಇದೆ. ಈಥೈಲ್ ಅಸಿಟೇಟ್‌ನ ಫ್ಲಾಷ್ ಪಾಯಿಂಟ್ ಮೈನಸ್ 4 ಡಿಗ್ರಿ. ಡ್ರೈಯರ್ ಒಳಗಿನ ಆವಿ, ಬೆಂಕಿ ಹತ್ತುವ ಕನಿಷ್ಠ ಮಟ್ಟದ ಶೇ 25 ದಾಟಬಾರದು ಎಂಬುದು ಸಾಮಾನ್ಯ ಮಿತಿ. ಅರ್ಥಿಂಗ್ ಮತ್ತು ಸ್ಟಾಟಿಕ್ ಬಾರ್ ಸರಿಯಿಲ್ಲದೆ ಮಷಿನ್ ಶುರು ಮಾಡಲೇಬೇಡಿ.

ಪಾಲಿಯೆಸ್ಟರ್‌ಗೆ ಮೊದಲ ಬಣ್ಣಗಳಲ್ಲಿ 50 ಡಿಗ್ರಿ ಆಸುಪಾಸಿನಿಂದ ಶುರು ಮಾಡಿ, ಬಿಳಿಗೆ 65–70ರವರೆಗೆ ಹೋಗುತ್ತೇನೆ. ಪಾಲಿಯನ್ನೇ ಪ್ರಿಂಟ್ ಮಾಡುವುದಾದರೆ ಇಷ್ಟು ಶಾಖ ಆಗುವುದಿಲ್ಲ, ಫಿಲ್ಮ್ ಎಳೆದುಕೊಂಡು ರಿಜಿಸ್ಟರ್ (ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುವುದು) ತಪ್ಪುತ್ತದೆ. ಈಗ ಮರುಬಳಕೆಗೆ ಅನುಕೂಲವಾಗಲಿ ಅಂತ ಎರಡೂ ಪದರ ಪಾಲಿಯೇ ಇರುವ ಜಾಬ್‌ಗಳು ಬರುತ್ತಿವೆ. ಅಲ್ಲಿ ಶಾಖ ಇಳಿಸಿ, ಗಾಳಿ ಏರಿಸಿ, ವೇಗ ತಗ್ಗಿಸುವುದು ಬಿಟ್ಟು ಬೇರೆ ದಾರಿ ನನಗೆ ಕಂಡಿಲ್ಲ.

ಒಂದು ಜುಲೈ ತಿಂಗಳ ಮಾತು. ಮೆಣಸಿನ ಪುಡಿ ಪೌಚ್‌ನ ಜಾಬ್. ಗಮ್ ಗಟ್ಟಿಯಾಗಲು ರೋಲ್ ಇಡುವ ಹಾಟ್ ರೂಮ್‌ನಲ್ಲಿ ಎರಡು ದಿನ ಇಟ್ಟು ತೆಗೆದರೂ ಗಮ್ ಬೆರಳಿಗೆ ಅಂಟುತ್ತಿತ್ತು. ಮೂರನೇ ದಿನವೂ ಹಾಗೇ. ಹಾರ್ಡನರ್ ಕಡಿಮೆ ಬಿದ್ದಿರಬೇಕು ಅಂತ ಅದರ ಮುಂದಿನ ರೋಲ್‌ಗೆ ಅಂದಾಜಿನಲ್ಲಿ ಜಾಸ್ತಿ ಹಾಕಿದೆವು. ಅದೂ ಆಗಲಿಲ್ಲ. ಕೊನೆಗೆ ಗೊತ್ತಾಗಿದ್ದು ಇಷ್ಟು. ರಾತ್ರಿ ಪಾಳಿಯಲ್ಲಿ ಈಥೈಲ್ ಅಸಿಟೇಟ್ ಮುಗಿದಿತ್ತು. ಬಿಳಿ ಇಂಕ್‌ಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸುರಿದು ಓಡಿಸಿದ್ದರು. ಮಳೆಗಾಲದ ತೇವದ ಗಾಳಿಯಲ್ಲಿ ಅದು ಪೂರ್ತಿ ಹೋಗದೆ ಇಂಕ್‌ನಲ್ಲೇ ಉಳಿದಿತ್ತು. ಗಮ್ಮಿನ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಆಲ್ಕೊಹಾಲ್ ಕಂಡರೂ ನೀರು ಕಂಡರೂ ಹೋಗಿ ಸೇರುತ್ತದೆ. ರೆಸಿನ್ ಜೊತೆ ಸೇರಬೇಕಾದದ್ದು ಅಲ್ಲೇ ಖರ್ಚಾಯಿತು. ನಾಲ್ಕು ರೋಲ್ ಗುಜರಿಗೆ ಹೋದವು. ಆಲ್ಕೊಹಾಲ್ ಇರುವ ಇಂಕ್‌ಗಳು ಇವೆ, ಅವು ತಪ್ಪಲ್ಲ. ಅವು ಪೂರ್ತಿ ಒಣಗಬೇಕು, ಅಷ್ಟೇ. ಇಂಕ್ ಕಂಪನಿ ಹೇಳದ ಸಾಲ್ವೆಂಟ್ ಮಾತ್ರ ಡಬ್ಬಕ್ಕೆ ಬೀಳಬಾರದು.

ಮಳೆಗಾಲದ ಇನ್ನೊಂದು ಕಾಟ ಚಿಲ್ ರೋಲರ್. ಒಳಗೆ ತಣ್ಣೀರು ಹರಿಯುವ ಆ ರೋಲರ್ ಮೇಲೆ, ತಣ್ಣನೆಯ ಲೋಟ ಬೆವರುವ ಹಾಗೆ, ನೀರಿನ ಹನಿ ಕೂರುತ್ತದೆ. ಆ ನೀರು ನೇರ ಇಂಕ್ ಮೇಲೆ. ಬೇಸಿಗೆಯಲ್ಲಿ ಇಟ್ಟ 15 ಡಿಗ್ರಿಯನ್ನೇ ಆಗಸ್ಟ್‌ನಲ್ಲೂ ಇಡಬೇಡಿ. ರೋಲರ್ ಮೇಲೆ ಕೈ ಆಡಿಸಿ ಒದ್ದೆ ಇದೆಯಾ ನೋಡಿ (ಮಷಿನ್ ನಿಲ್ಲಿಸಿ ಮಾತ್ರ). ಒದ್ದೆಯಿದ್ದರೆ ನೀರಿನ ಉಷ್ಣತೆ ಏರಿಸಿ.

ಉಳಿದ ಸಾಲ್ವೆಂಟ್ ಎಷ್ಟು ಎಂದು ಹೇಳುವ ಸರಿಯಾದ ಯಂತ್ರ ಗ್ಯಾಸ್ ಕ್ರೊಮ್ಯಾಟೊಗ್ರಾಫ್. ಚದರ ಮೀಟರಿಗೆ ಒಟ್ಟು 10 ಮಿಲಿಗ್ರಾಂ ಒಳಗೆ ಇರಬೇಕು ಎಂದು ಬಹಳ ಗಿರಾಕಿಗಳು ಕೇಳುತ್ತಾರೆ, ಕೆಲವರಿಗೆ 5 ಬೇಕು. ಸಣ್ಣ ಯೂನಿಟ್‌ನಲ್ಲಿ ಆ ಯಂತ್ರ ಇರುವುದಿಲ್ಲ. ಆಗ ಪ್ರಿಂಟ್ ಆದ ತುಂಡನ್ನು ಗಾಜಿನ ಬಾಟಲಿಗೆ ಹಾಕಿ ಮುಚ್ಚಿ, 60 ಡಿಗ್ರಿ ಓವನ್‌ನಲ್ಲಿ ಅರ್ಧ ಗಂಟೆ ಇಟ್ಟು ತೆರೆಯಿರಿ. ಪ್ರಿಂಟ್ ಆಗದ ಫಿಲ್ಮಿನ ಬಾಟಲಿ ಜೊತೆ ಹೋಲಿಸಿ. ಇಬ್ಬರು ಮೂಸಿ ನೋಡಿದರೆ ಸಾಕು, ಎದ್ದು ಕಾಣುವ ತಪ್ಪು ತಪ್ಪಿಸಿಕೊಳ್ಳುವುದಿಲ್ಲ. ಇಡೀ ದಿನ ಮಷಿನ್ ಪಕ್ಕ ನಿಂತವರ ಮೂಗು ಬೇಡ, ಆಫೀಸಿನಿಂದ ಯಾರನ್ನಾದರೂ ಕರೆಯಿರಿ.

ಹಂತ 4: ಲ್ಯಾಮಿನೇಟರ್‌ಗೆ ಹೋಗುವ ಮುಂಚೆ

ಟೇಪನ್ನು ಇಂಕ್ ಮೇಲೆ ಬಿಗಿಯಾಗಿ ಒತ್ತಿ, ಒಮ್ಮೆ ನಿಧಾನವಾಗಿ, ಒಮ್ಮೆ ಜೋರಾಗಿ ಎಳೆಯಿರಿ. ಪ್ರತಿ ಬಣ್ಣಕ್ಕೂ, ಫಿಲ್ಮಿನ ಮೂರೂ ಕಡೆ. ಆಮೇಲೆ ಎರಡು ಕೈಯಲ್ಲಿ ಫಿಲ್ಮ್ ಹಿಡಿದು ಹತ್ತು ಸಲ ಕಸಕ್ಕಿ ನೋಡಿ, ಇಂಕ್ ಉದುರಬಾರದು. ಟೇಪ್‌ನಲ್ಲಿ ಬಂದ ಇಂಕ್ ಗಮ್ಮಿನಲ್ಲೂ ಬರುತ್ತದೆ. ಟೇಪ್ ಪಾಸ್ ಆಗಿದ್ದರೂ ಬಾಂಡ್ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ, ಅದನ್ನು ನೆನಪಿಡಿ.

ಹಂತ 5: ಗಮ್ ತೂಗುವುದು, ಬೆರೆಸುವುದು, ಬಳಿಯುವುದು

ತೂಗಿ ಬೆರೆಸಿ. ಮಗ್ ಲೆಕ್ಕ ಬೇಡ. ರೆಸಿನ್ ಮತ್ತು ಹಾರ್ಡನರ್‌ನ ಅನುಪಾತ ಡಬ್ಬದ ಮೇಲಿದೆ, ಅದು ತೂಕದ ಅನುಪಾತ. ಹಾರ್ಡನರ್ ಡಬ್ಬದ ಮುಚ್ಚಳ ತೆರೆದಿಟ್ಟರೆ ಗಾಳಿಯ ತೇವ ಕುಡಿದು ಮೇಲೆ ಪೊರೆ ಕಟ್ಟುತ್ತದೆ. ಅಂಥದ್ದನ್ನು ಬಳಸಬೇಡಿ. ತೆಳು ಮಾಡಲು ಯುರೆಥೇನ್ ಗ್ರೇಡ್ ಈಥೈಲ್ ಅಸಿಟೇಟನ್ನೇ ತನ್ನಿ. ಅದರಲ್ಲಿ ನೀರು ಶೇ 0.05 ಒಳಗೆ ಇರಬೇಕು. ತೊಳೆಯಲು ಇಟ್ಟ ಸಾಲ್ವೆಂಟ್ ಗಮ್ಮಿಗೆ ಹಾಕಿದರೆ ಮೇಲೆ ಹೇಳಿದ ಜುಲೈ ಕಥೆ ಮತ್ತೆ ನಡೆಯುತ್ತದೆ. ಬೆರೆಸುವವರು ಕೈಗವಸು, ಮಾಸ್ಕ್ ಹಾಕಲೇಬೇಕು. ಐಸೊಸಯನೇಟ್ ಉಸಿರಿಗೆ ಹೋದರೆ ಆಸ್ತಮಾ ಬರಬಹುದು, ಒಮ್ಮೆ ಬಂದರೆ ಅದು ಬಿಟ್ಟುಹೋಗುವುದು ಕಷ್ಟ.

ಸಾಲ್ವೆಂಟ್ ಗಮ್ ಆದರೆ ಒಣಗಿದ ಮೇಲೆ ಚದರ ಮೀಟರಿಗೆ 2.5ರಿಂದ 4 ಗ್ರಾಂ, ಸಾಲ್ವೆಂಟ್ ಇಲ್ಲದ ಗಮ್ ಆದರೆ 1.2ರಿಂದ 2 ಗ್ರಾಂ ಸಾಮಾನ್ಯ. ಇಂಕ್ ಜಾಸ್ತಿ ಇರುವ ಡಿಸೈನ್‌ಗೆ ಮೇಲಿನ ಅಂಕಿ. ಅಳೆಯಲು 10 ಸೆಂಟಿಮೀಟರ್ ಚೌಕದ ತುಂಡು ಕತ್ತರಿಸಿ ತೂಗಿ, ಗಮ್ ಒರೆಸಿ ತೆಗೆದು ಮತ್ತೆ ತೂಗಿ. ವ್ಯತ್ಯಾಸ 0.030 ಗ್ರಾಂ ಬಂದರೆ 100ರಿಂದ ಗುಣಿಸಿ, 3 ಗ್ರಾಂ. ಗಮ್ಮಿನ ಸಾಲ್ವೆಂಟ್ ಇಂಕನ್ನು ಮತ್ತೆ ಕರಗಿಸಬಹುದು. ಬಿಳಿ ಹರಡಿ ಅಕ್ಷರಗಳ ಅಂಚು ಮಸುಕಾದರೆ ಇಂಕ್ ಸರಿಯಾಗಿ ಒಣಗಿರಲಿಲ್ಲ ಎಂದು ತಿಳಿಯಿರಿ.

ಸಾಲ್ವೆಂಟ್ ಇಲ್ಲದ ಗಮ್ ಓಡಿಸುವವರಿಗೆ ಇನ್ನೊಂದು ಎಚ್ಚರಿಕೆ. ಅಲ್ಲಿ ಎರಡನೇ ಡ್ರೈಯರ್ ಇಲ್ಲ. ಸಾಲ್ವೆಂಟ್ ಗಮ್ಮಿನ ಮಷಿನ್‌ನಲ್ಲಿ ಇಂಕ್‌ನ ಉಳಿಕೆ ಸ್ವಲ್ಪವಾದರೂ ಮತ್ತೆ ಆರಿಹೋಗುತ್ತದೆ, ಇಲ್ಲಿ ಆ ಅವಕಾಶ ಇಲ್ಲ. ಇಂಕ್‌ನಲ್ಲಿ ಉಳಿದದ್ದು ಹಾಗೇ ಪದರಗಳ ನಡುವೆ ಸೀಲ್ ಆಗುತ್ತದೆ.

ಹಂತ 6: ಹಾಟ್ ರೂಮ್

40ರಿಂದ 45 ಡಿಗ್ರಿ, 24ರಿಂದ 48 ಗಂಟೆ. ಗೋಡೆಯ ಥರ್ಮಾಮೀಟರ್ ತೋರಿಸುವುದು ಕೋಣೆಯ ಗಾಳಿಯ ಶಾಖ. ದಪ್ಪ ರೋಲ್‌ನ ಕೋರ್‌ವರೆಗೆ ಬಿಸಿ ಮುಟ್ಟಲು ಹಲವು ಗಂಟೆ ಬೇಕು. ರೋಲ್‌ಗಳನ್ನು ಒತ್ತೊತ್ತಾಗಿ ಪೇರಿಸಬೇಡಿ, ನಡುವೆ ಗಾಳಿ ಆಡಲಿ. ಬೇಗ ಆಗಲಿ ಅಂತ 55 ಡಿಗ್ರಿ ಇಡುವವರನ್ನು ನೋಡಿದ್ದೇನೆ. ಆಗ ಪಾಲಿಯ ಸ್ಲಿಪ್ ಗಮ್ಮಿನೊಳಗೆ ಹೋಗಿ, ಫಿಲ್ಮ್ ಜಾರುವುದು ಕಡಿಮೆಯಾಗಿ, ಗಿರಾಕಿಯ ಫಿಲ್ಲಿಂಗ್ ಮಷಿನ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

4 ಗಂಟೆ, 24 ಗಂಟೆ, 48 ಗಂಟೆಗೆ ಬಾಂಡ್ ಎಳೆದು ಬರೆದಿಡಿ. ಅಂಕಿ ಏರುತ್ತಾ ಹೋಗಬೇಕು. 24 ಗಂಟೆಗೇ ಪೌಚ್ ಮಾಡಿಕೊಡಿ ಅಂತ ಮಾರಾಟದವರು ಒತ್ತಾಯಿಸುತ್ತಾರೆ. ಬಾಂಡ್ ಚೆನ್ನಾಗಿದ್ದರೂ ಒಪ್ಪಬೇಡಿ, ಗಮ್ ತಯಾರಿಸಿದವರು ಹೇಳಿದಷ್ಟು ದಿನ ಕಾಯಿರಿ. ಹೆಚ್ಚಿನ ಗಮ್ಮುಗಳಲ್ಲಿರುವ ಅರೋಮ್ಯಾಟಿಕ್ ಐಸೊಸಯನೇಟ್ ಪೂರ್ತಿ ಖರ್ಚಾಗದೆ ಉಳಿದರೆ, ತೇವದ ಜೊತೆ ಸೇರಿ ಅರೋಮ್ಯಾಟಿಕ್ ಅಮೈನ್‌ಗಳಾಗುತ್ತವೆ. ಅವು ಪಾಲಿಯನ್ನು ದಾಟಿ ಆಹಾರಕ್ಕೆ ಇಳಿಯಬಲ್ಲವು. ಯುರೋಪಿನಲ್ಲಿ ಇದಕ್ಕೆ ಕಿಲೋಗೆ 0.01 ಮಿಲಿಗ್ರಾಂ ಮಿತಿ ಇದೆ. ಆ ಪ್ಯಾಕೆಟ್‌ನಿಂದ ತಿನ್ನುವವರು ನಮ್ಮ ಮನೆಯವರೇ ಇರಬಹುದು.

ಯುವಿ ಇಂಕ್ ಇದ್ದರೆ

ಯುವಿ ಇಂಕ್‌ನಲ್ಲಿ ಒಣಗುವುದು ಅನ್ನುವುದೇ ಇಲ್ಲ, ಬೆಳಕು ಬಿದ್ದ ಕೂಡಲೇ ಗಟ್ಟಿಯಾಗುತ್ತದೆ. ಲ್ಯಾಂಪ್‌ನ ಗಂಟೆಗಳ ಲೆಕ್ಕ ಇಡಿ, ರಿಫ್ಲೆಕ್ಟರ್ ಒರೆಸಿ, ಬೆಳಕಿನ ಪ್ರಮಾಣವನ್ನು ರೇಡಿಯೋಮೀಟರ್‌ನಲ್ಲಿ ಅಳೆಯಿರಿ. ಕಪ್ಪು ಮತ್ತು ದಪ್ಪ ಬಿಳಿಯಲ್ಲಿ ಬೆಳಕು ತಳದವರೆಗೆ ಹೋಗದೆ, ಫಿಲ್ಮ್ ಹಿಡಿಯುವ ಜಾಗವೇ ಹಸಿಯಾಗಿ ಉಳಿಯುತ್ತದೆ. 2005ರಲ್ಲಿ ಇಟಲಿಯಲ್ಲಿ ಮಕ್ಕಳ ಹಾಲಿನ ಪ್ಯಾಕ್‌ಗಳಲ್ಲಿ ಐಟಿಎಕ್ಸ್ ಎಂಬ ಯುವಿ ಇಂಕ್‌ನ ಅಂಶ ಸಿಕ್ಕು ದೊಡ್ಡ ಪ್ರಮಾಣದಲ್ಲಿ ಹಾಲನ್ನು ವಾಪಸ್ ಪಡೆಯಬೇಕಾಯಿತು. ಆಹಾರದ ಜಾಬ್‌ಗೆ ಕಡಿಮೆ ಸೋರುವ ಇಂಕ್ ಬೇಕೆಂದು ಸ್ಪಷ್ಟವಾಗಿ ಬರೆದು ಕೇಳಿ.

ಹಂತ 7: ಪುಡಿ ತುಂಬಿ ನೋಡಿ

ಇದನ್ನು ಬಹಳ ಕಡೆ ಮಾಡುವುದೇ ಇಲ್ಲ. ಖಾಲಿ ಲ್ಯಾಮಿನೇಟ್‌ನ ಬಾಂಡ್ ನೋಡಿ ರೋಲ್ ಕಳಿಸುತ್ತಾರೆ. ಆದರೆ ಗರಂ ಮಸಾಲೆಯಲ್ಲಿ ಲವಂಗದ ಎಣ್ಣೆ ಇದೆ. ಅದು ಪಾಲಿಯೊಳಗೆ ಇಂಗಿ, ಗಮ್ಮನ್ನೂ ಇಂಕನ್ನೂ ಮೆತ್ತಗೆ ಮಾಡುತ್ತದೆ. ಉಪ್ಪಿನಕಾಯಿಯಲ್ಲಿ ಎಣ್ಣೆ, ಉಪ್ಪು, ಹುಳಿ ಮೂರೂ ಸೇರಿ ಅದೇ ಕೆಲಸ ಮಾಡುತ್ತವೆ. ಪೌಚ್ ಮಾಡಿ, ಗಿರಾಕಿಯದೇ ಪದಾರ್ಥ ತುಂಬಿ ಸೀಲ್ ಮಾಡಿ. ಹತ್ತು ಪೌಚ್ ಸಾಕು. 50 ಡಿಗ್ರಿ ಓವನ್‌ನಲ್ಲಿ ಏಳು ದಿನ ಇಡಿ. ಮಡಿಕೆ ಬೀಳುವ ಮೂಲೆಗಳಲ್ಲಿ, ಸೀಲ್‌ನ ಅಂಚಿನಲ್ಲಿ ಸುರಂಗದ ಹಾಗೆ ಪದರ ಎದ್ದಿದೆಯಾ ನೋಡಿ. ತೊಳೆದು, ಒರೆಸಿ, ಪಟ್ಟಿ ಕತ್ತರಿಸಿ ಮತ್ತೆ ಎಳೆಯಿರಿ. ಮೊದಲು 250 ಇದ್ದದ್ದು 180ಕ್ಕೆ ಇಳಿದರೆ ಪರವಾಗಿಲ್ಲ ಅನ್ನುತ್ತೇನೆ. 60ಕ್ಕೆ ಬಂದರೆ ಆ ಇಂಕ್ ಮತ್ತು ಗಮ್ಮಿನ ಜೋಡಿ ಆ ಮಸಾಲೆಗೆ ಆಗುವುದಿಲ್ಲ. ಜಾಬ್ ಕಾರ್ಡ್‌ನಲ್ಲಿ ನಾನು ಕೆಂಪು ಪೆನ್ನಿನಲ್ಲಿ ಬರೆಯುವುದು ಈ ಎರಡನೇ ಅಂಕಿಯನ್ನು. ಮುಂದಿನ ಸಲ ಅದೇ ಜಾಬ್ ಬಂದಾಗ ಮೊದಲು ತೆಗೆದು ನೋಡುವುದೂ ಅದನ್ನೇ.